ಕಟ್ಟಿಹಾಕಿದ ಎಡಗಾಲು

ನಮ್ಮ ಶಹಾಪುರದ ಓಣಿಯ ಲಾರಿ ಡ್ರೈವರ್ ಯಾವುದಕ್ಕೂ "ಗಡಿಬಿಡಿ ಏನದ್ರಿ?" ಎನ್ನುವವ. ಕ್ಲಚ್ ತುಳಿದು ತುಳಿದು ಅವನ ಎಡಮೊಣಕಾಲು ಕೆಟ್ಟಿತ್ತು. ತಾನೇ ಗೇರ್ ಹಾಕಿಕೊಳ್ಳುವ, ಕ್ಲಚ್ ಇಲ್ಲದ ಲಾರಿ ಕೊಡಿಸಿರೆಂದು ಹಟ ಹಿಡಿದ. ಲಾರಿಯ ಮಾಲೀಕ ಸಾವುಕಾರ ಒಂದನ್ನು ನೋಡಲೆಂದು ತರಿಸಿ, "ಏರಿನ್ಯಾಗ ಹಿಂದಕ್ಕ ಜಾರಿದ್ರ ಗಾಡಿನೂ ವಾಪಸ್, ನೀನೂ ಮನಿಗಿ" ಎಂದ.

ಭತ್ತ ಹೇರಿ ಇಬ್ಬರೂ ಹೊರಟರು. ಸುರಪುರಕ್ಕೆ ಹೋಗಬೇಕಿದ್ದ ನಾನೂ ಹತ್ತಿದೆ. ಊರು ದಾಟುವ ಮೊದಲೇ ಅವನ ಎಡಗಾಲು ಹಳೆಯ ರೂಢಿಯಂತೆ ಕ್ಲಚ್ ಹುಡುಕಿ ಬ್ರೇಕ್ ತುಳಿಯಿತು. ನನ್ನ ಹಣೆ ಗಾಜಿಗೆ ಬಡಿಯಿತು.

"ಕಾಲು ಕಟ್ಟಿ ಹಾಕೋ ಭಾಡ್ಯಾ!" ಎಂದೆ.

ಅವನು ನಿಜವಾಗಿಯೂ ಟವೆಲಿನಿಂದ ಆ ಕಾಲನ್ನು ಸೀಟಿಗೆ ಕಟ್ಟಿದ.

ಏರಿನ ನಡುವೆ ಕುರಿಹಿಂಡು ಅಡ್ಡ ಬಂತು. ಲಾರಿ ನಿಂತಿತು. ಲಾರಿ ಜಾರಿದರೆ ಗಾಲಿಗೆ ಒಡ್ಡಲು ತಂದ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಸಾವುಕಾರ, "ಇಳೀಲೇನೋ?" ಎಂದು ಚೀರಿದ.

"ಗಡಿಬಿಡಿ ಏನದ್ರಿ?"

ಕೊನೆಯ ಮರಿಯೂ ದಾಟಿದ ಮೇಲೆ ಅವನು ಬಲಗಾಲಿನಿಂದ ಎಕ್ಸಿಲರೇಟರ್ ಒತ್ತಿದ. ಲಾರಿ ಒಂದು ಗೇಣೂ ಹಿಂದೆ ಸರಿಯದೆ ಆನೆಯಂತೆ ಏರಿತು. ನಾನು ಚಪ್ಪಾಳೆ ಹೊಡೆದೆ, ಹೊಡೆಯದೆ ಏನು?

ದಿಬ್ಬದ ಮೇಲೆ ಸಾವುಕಾರ, "ಗಾಡಿ ಇನ್ನ ನಿಂದೇ. ಜಲ್ದಿ ನಡಿ" ಎಂದ.

"ಗಡಿಬಿಡಿ ಏನದ್ರಿ ಸಾವ್ಕಾರ್ರ? ಮೊದಲ ಆ ಕಲ್ಲು ಒಗೀರಿ."