ಗಣಪತಿಯ ಹಿಂದಿನ ಸ್ವಿಚ್ಚು

ಮನೆಗೊಂದೇ ಕಂಪ್ಯೂಟರ್ ಇದ್ದು, ಅದಕ್ಕೂ ದೇವರಿಗೂ ಒಂದೇ ಮೂಲೆ ಸಾಕಾಗುತ್ತಿದ್ದ ಕಾಲ ಅದು. ಡೊಂಬಿವಲಿಯ ಎರಡು ಕೋಣೆಯ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಡೆಯಲ್ಲಿ ಒಂದು ಪ್ಲಗ್ ಪಾಯಿಂಟು, ಅದರಿಂದ ಎಳೆದ ಎಕ್ಸ್‌ಟೆನ್ಷನ್ ಬೋರ್ಡು, ಆ ಇಡೀ ಬೋರ್ಡಿಗೆ ಒಂದೇ ಸ್ವಿಚ್ಚು. ಟೀವಿ, ಇಸ್ತ್ರಿ, ಟೇಬಲ್ ಫ್ಯಾನು, ಕಂಪ್ಯೂಟರು, ಎಲ್ಲ ಅದನ್ನೇ ನಂಬಿಕೊಂಡಿದ್ದವು.

ಕಂಪ್ಯೂಟರನ್ನು ಅಪ್ಪ ತಾನು ಕೆಲಸ ಮಾಡುತ್ತಿದ್ದ ಮಹಾಪೆಯ ಕಾರ್ಖಾನೆಯಿಂದ ತಂದಿದ್ದ. ಅಲ್ಲಿನ ಆಫೀಸಿಗೆ ಹೊಸವು ಬಂದಾಗ ಹಳೆಯವನ್ನು ಸ್ಟಾಫಿಗೆ ಹಂಚಿದ್ದರಂತೆ. ಕಂಪನಿಯವರೇ ಜೋಡಿಸಿ ಕಳಿಸಿದ ಕರಿಯ ಡಬ್ಬಿ. ಬರಿಗಾಲಲ್ಲಿ ನಿಂತು ಅದರ ತಗಡನ್ನು ಮುಟ್ಟಿದರೆ ಬೆರಳ ತುದಿ ಝುಮ್ ಎನ್ನುತ್ತಿತ್ತು. ನಮ್ಮ ಹಳೆಯ ಬಿಲ್ಡಿಂಗಿನ ವೈರಿಂಗಿನಲ್ಲಿ ಅರ್ಥಿಂಗ್ ಎಂಬುದೇ ಇರಲಿಲ್ಲ. ಅದಕ್ಕೆ ಅವ್ವ ಒಂದು ಉಪಾಯ ಕಂಡುಕೊಂಡಿದ್ದಳು. ಬಾಗಲಕೋಟೆಯಿಂದ ತಂದ ಊಟದ ಮಣೆಯನ್ನು ಡಬ್ಬಿಯ ಮುಂದೆ ಹಾಕಿ, "ಮಣಿ ಮ್ಯಾಲ ಕುಂತು ಏನರ ಮಾಡ್ರಿ, ಕಟಗಿಗೆ ಕರೆಂಟ್ ಹತ್ತೂದಿಲ್ಲ" ಎನ್ನುತ್ತಿದ್ದಳು. ಚಪ್ಪಲಿ ಹಾಕಿಕೊಳ್ಳುವ ಮಾತೇ ಇರಲಿಲ್ಲ. ಕಂಪ್ಯೂಟರಿನ ಮೇಲೆಯೇ ದೇವರ ಹಲಗೆ.

ಟೇಬಲ್ ಫ್ಯಾನಿನದು ಇನ್ನೊಂದು ಪಾಡು. ಸ್ವಿಚ್ಚು ಹಾಕಿದರೆ ಅದು ಬರೀ ಗುಂಯ್‌ಗುಡುತ್ತಿತ್ತು. ಬಾಚಣಿಗೆಯ ತುದಿಯಿಂದ ರೆಕ್ಕೆಯನ್ನು ಒಮ್ಮೆ ದೂಡಿದರೆ ತಿರುಗಲು ಶುರು. ಮನೆಯಲ್ಲಿ ಎಲ್ಲರಿಗೂ ಅದು ರೂಢಿ. ರಿಪೇರಿ ಎಂದರೆ ನಮಗೆ ಅಷ್ಟೇ ಗೊತ್ತಿತ್ತು: ಚಾಲೂ ಇದ್ದಾಗಲೇ ಒಮ್ಮೆ ದೂಡುವುದು.

ನನ್ನ ಅಣ್ಣ ಮಹಾಂತೇಶ ಆಗ ಕಾಲೇಜು ಅರ್ಧಕ್ಕೆ ಬಿಟ್ಟು ಠಾಣೆಯ ನೌಪಾಡಾದ ಒಂದು ಆನಿಮೇಷನ್ ಕ್ಲಾಸಿಗೆ ಹೋಗುತ್ತಿದ್ದ. ನಾನು ಮರಾಠಿ ಶಾಲೆಯಲ್ಲಿ ಆರನೆಯ ಇಯತ್ತೆ. ಅವನು ಬಸ್ ಟಿಕೆಟ್ಟಿನ ಹಿಂದೆ, ಕ್ಯಾಲೆಂಡರಿನ ಅಂಚಿನಲ್ಲಿ, ಹಬೆ ಹಿಡಿದ ಕಿಟಕಿಯ ಮೇಲೆ ಚಿತ್ರ ಬಿಡಿಸುತ್ತಿದ್ದ. ನನ್ನ ವಿಜ್ಞಾನದ ಆಕೃತಿಗಳೆಲ್ಲ ಅವನ ಕೈಯವೇ. ನಾನು ಹೆಸರು ಬರೆದರೆ ಆಯಿತು. ಆ ಮಳೆಗಾಲದಲ್ಲಿ ಅವನು ಕಂಪ್ಯೂಟರಿನೊಳಗೆ ಒಂದು ಸ್ಟೇಷನ್ ಕಟ್ಟುತ್ತಿದ್ದ. ಮಳೆ ಬೀಳುವ ಪ್ಲಾಟ್‌ಫಾರ್ಮು, ದೂರದಿಂದ ಬರುವ ಲೋಕಲ್ಲು, ಕೊಡೆ ಮಡಚುವ ಒಬ್ಬ ಹೆಂಗಸು. ಹೆಂಗಸಿನ ಸೀರೆ ಅವ್ವನದೇ ಹಸಿರು ಇಳಕಲ್ಲು. ಅದು ಪೂರ್ತಿಯಾದರೆ ಮಹಾಪೆಯ ಒಂದು ಸ್ಟುಡಿಯೋದಲ್ಲಿ ತೋರಿಸಬಹುದು, ಹಿಡಿಸಿದರೆ ಕೆಲಸ ಕೊಡುತ್ತಾರೆ ಎಂದು ಕ್ಲಾಸಿನವರು ಹೇಳಿದ್ದರು. ಆದರೆ ಲೋಕಲ್ಲು ಪ್ಲಾಟ್‌ಫಾರ್ಮಿಗೆ ಬರುವಷ್ಟರಲ್ಲಿ ನಮ್ಮ ಕಂಪ್ಯೂಟರ್ ನಿಂತುಬಿಡುತ್ತಿತ್ತು.

ಅಪ್ಪ ಒಂದು ಗಡುವು ಹಾಕಿದ್ದ. "ಗಣಪ್ಪನ್ನ ಕಳಸೂತನಾ ನಿನ್ನ ಚಿತ್ರ. ಆಮ್ಯಾಲ ನಮ್ಮ ಕಾರ್ಖಾನಿ ಸ್ಟೋರ್ಸಿನ್ಯಾಗ ಜಾಗಾ ಐತಿ, ಸುಮ್ಮ ಸೇರಕೋ. ಸಾಹೇಬರಿಗೆ ಹೇಳೇನಿ."

ಅಣ್ಣನ ಕ್ಲಾಸಿನ ಗೆಳೆಯನೊಬ್ಬ ಚಿತ್ರಗಳನ್ನು ಸಲೀಸಾಗಿ ಓಡಿಸುವ ತನ್ನ ಹಳೆಯ ಗ್ರಾಫಿಕ್ಸ್ ಕಾರ್ಡು ಕೊಟ್ಟ. ಸಣ್ಣ ಇಟ್ಟಿಗೆಯಷ್ಟು ದಪ್ಪ, ಬೆನ್ನಿಗೆ ಫ್ಯಾನು. ಅಣ್ಣ ಕರಿಯ ಡಬ್ಬಿಯನ್ನೇ ಹೊತ್ತು ನೌಪಾಡಾದ ರಿಪೇರಿ ಅಂಗಡಿಗೆ ಹೋದರೆ ಅಂಗಡಿಯವನು ಒಳಗೊಮ್ಮೆ ಬ್ಯಾಟರಿ ಬಿಟ್ಟು ನೋಡಿ, "ಇಸ್ ಕಾ ಕುಛ್ ನಹೀ ಹೋಗಾ ಭಾಯ್. ಕಂಪನೀ ಕಾ ಡಬ್ಬಾ ಹೈ, ಡಬ್ಬಾ ಹೀ ಬದಲ್ ದೋ" ಎಂದನಂತೆ, ಇದಕ್ಕೇನೂ ಮಾಡಲಾಗದು, ಡಬ್ಬಿಯನ್ನೇ ಬದಲಿಸು ಎಂದು. ಅದರ ಪವರ್ ಸಪ್ಲೈಗೆ ಕಾರ್ಡನ್ನು ನಡೆಸುವ ತ್ರಾಣವಿರಲಿಲ್ಲ, ಸಿಕ್ಕಿಸುವ ವೈರೂ ಇರಲಿಲ್ಲ. ಬೇರೆ ಸಪ್ಲೈ ಹಾಕೋಣವೆಂದರೆ ಅಳತೆ ಕೂಡುತ್ತಿರಲಿಲ್ಲ. ಅಣ್ಣ ಬಿಡಲಿಲ್ಲ. ಗೆಳೆಯನ ಮಂಚದ ಕೆಳಗೆ ಬಿದ್ದಿದ್ದ ಹಳೆಯ ಪವರ್ ಸಪ್ಲೈ ತಂದ, ಒಳಗೆ ಫ್ಯಾನಿದ್ದ ತಗಡಿನ ಪೆಟ್ಟಿಗೆ. ಅದನ್ನು ಡಬ್ಬಿಯ ಹೊರಗೆ ನೆಲದ ಮೇಲಿಟ್ಟು, ಕಾರ್ಡಿಗೆ ಮಾತ್ರ ಅದರಿಂದ ಕರೆಂಟು ಕೊಡುವುದು ಅವನ ಲೆಕ್ಕ.

ಚೌತಿಯ ಹಿಂದಿನ ದಿನ ಆ ಮೂಲೆಯಲ್ಲೇ ಥರ್ಮೋಕೋಲಿನ ಮಂಟಪ ಎದ್ದಿತು. ಬೋರ್ಡು ಮಂಟಪದ ಹಿಂದೆ ಹೋಯಿತು. ಕಂಪ್ಯೂಟರಿನ ವೈರು, ಹೊಸ ಸಪ್ಲೈಯ ವೈರು, ಬಣ್ಣದ ದೀಪದ ಸರದ ವೈರು, ಮೂರನ್ನೂ ಅಣ್ಣ ಮೊದಲೇ ಚುಚ್ಚಿ ತುದಿಗಳನ್ನು ಹೊರಗೆ ಎಳೆದಿಟ್ಟ. ಮರುದಿನ ಮಣ್ಣಿನ ಗಣಪ ಬಂದ. ಅವನಿಗೆ ಪೀಠವಾಗಿ ನಮ್ಮ ಊಟದ ಮಣೆ ಹೋಯಿತು.

ನಮ್ಮಲ್ಲಿ ಐದು ದಿನದ ಗಣಪತಿ. ಕೂಡಿಸಿದ ಮೇಲೆ ಕಳಿಸುವ ಪೂಜೆಯಾಗುವವರೆಗೆ ಅವನನ್ನು ಕದಲಿಸುವಂತಿಲ್ಲ, ಕತ್ತಲಲ್ಲಿ ಇಡುವಂತಿಲ್ಲ. ಅವ್ವ ಇದರಲ್ಲಿ ಬಲು ಬಿಗಿ. ಬೋರ್ಡಿನ ಸ್ವಿಚ್ಚು ಹಗಲೂ ರಾತ್ರಿ ಹಾಕಿಯೇ ಇರುತ್ತಿತ್ತು.

ಮೂರನೆಯ ದಿನದ ಮಧ್ಯಾಹ್ನ. ಅಪ್ಪ ಹೂ ತರಲು ಸ್ಟೇಷನ್ ಕಡೆ ಹೋಗಿದ್ದ. ಅವ್ವ ನೆಲ ಒರೆಸಿ ಕರ್ಚಿಕಾಯಿ ಕರಿಯಲು ಕೂತಿದ್ದಳು. ಎಣ್ಣೆ, ಏಲಕ್ಕಿ, ಕರ್ಪೂರ, ಒದ್ದೆ ಗೋಡೆ ಎಲ್ಲ ಸೇರಿದ ವಾಸನೆ. ನಾನು ಬಾಗಿಲ ಹತ್ತಿರ ಗರಿಕೆ ಬಿಡಿಸಿ ಕಟ್ಟು ಕಟ್ಟುತ್ತಿದ್ದೆ. ಅಣ್ಣ ಆರದ ನೆಲದ ಮೇಲೆ ಕಾಲು ಮಡಚಿ ಕೂತು ಡಬ್ಬಿ ಬಿಚ್ಚಿದ.

"ಮಾಂತೂ, ನಾಕ ದಿನ ಬಿಟ್ಟ ಮಾಡಪಾ. ಮನ್ಯಾಗ ಗಣಪ್ಪ ಕುಂತಾನ."

"ಗಣಪ್ಪ ಕುಂತಾನಬೇ, ನಾ ನಿಂತೀನಿ. ಅಂವ ಎದ್ದ ಹೋದ್ನೆಂದ್ರ ಅಪ್ಪ ನನ್ನ ಸ್ಟೋರ್ಸಿನ್ಯಾಗ ಕೂಡಸ್ತಾನ."

ಕಾರ್ಡು ಉದ್ದವಾಯಿತು. ಒಳಗಿನ ತಗಡಿನ ಗೂಡು ಅಡ್ಡ ಬಂತು. ಅಣ್ಣ ಅಡುಗೆಮನೆಯಿಂದ ಇಕ್ಕಳ ತಂದು ಗೂಡನ್ನೇ ಬಾಗಿಸಿದ.

"ಅಯ್ಯ, ನನ್ನ ಇಕ್ಕಳ! ಚಹಾದ ಭಾಂಡೆ ಇಳಸಾಕ ನಾ ಏನ ನಿನ್ನ ಕಿವಿ ಹಿಡೀಲೇನು?"

"ಸ್ಟುಡಿಯೋದ ಮೊದಲನೇ ಪಗಾರದಾಗ ಬೆಳ್ಳಿ ಇಕ್ಕಳ ತರ್ತೀನಿ ತಡಿ."

"ತರತಿ ತರತಿ. ಮೊದಲ ಗಡ್ಡಾ ಬೋಳಿಸ್ಕೋ."

ನಾನು ನಕ್ಕೆ. ಅವನು ಕಾರ್ಡು ಕೂಡಿಸಿ, ಹೊರಗಿನ ಸಪ್ಲೈಯ ವೈರು ಅದಕ್ಕೆ ಸಿಕ್ಕಿಸಿ ಗುಂಡಿ ಒತ್ತಿದ. ಪರದೆ ಬೆಳಗಿತು. ಸ್ಟೇಷನ್ ಬಂತು, ಮಳೆ ಬಂತು, ದೂರದ ಲೋಕಲ್ಲು ಈ ಸಲ ನಿಲ್ಲಲಿಲ್ಲ. ನೀರು ಹರಿದಷ್ಟು ಸಲೀಸಾಗಿ ಪ್ಲಾಟ್‌ಫಾರ್ಮಿಗೆ ಬಂತು. ಹಸಿರು ಸೀರೆಯ ಹೆಂಗಸು ಕೊಡೆ ಮಡಚಿ ಮುಖ ಎತ್ತಿದಳು. "ಸವೀ, ಬಘ, ಬಘ!" ಎಂದ ಅಣ್ಣ, ನೋಡು ನೋಡು ಎಂದು. ಖುಷಿಯಾದಾಗ ಅವನಿಗೆ ಮರಾಠಿ ಬರುತ್ತಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ಇಣುಕಿ, "ನನ್ನ ಸೀರಿ ಅಲಾ ಅದು!" ಎಂದು ಬಾಯಿಗೆ ಮೊಣಕೈ ಅಡ್ಡ ಹಿಡಿದು ನಕ್ಕು ಒಳಗೆ ಹೋದಳು. ನಮ್ಮ ಮನೆಯಲ್ಲಿ ನಾನು ಕಂಡ ಪೂರ್ತಿ ಸಂತೋಷ ಅದೇ ಕೊನೆ.

ಸ್ವಲ್ಪದರಲ್ಲೇ ಸುಟ್ಟ ದೂಳಿನ ವಾಸನೆ ಬಂತು. ನೆಲದ ಮೇಲಿದ್ದ ಸಪ್ಲೈಯ ಫ್ಯಾನು ತಿರುಗುತ್ತಿರಲಿಲ್ಲ. ಅಣ್ಣ ಅದರ ಮೇಲಿನ ತಗಡನ್ನು ಬಿಚ್ಚಿದ. ಕರೆಂಟು ಹರಿಯುತ್ತಲೇ ಇತ್ತು. ಚಾಲೂ ಇದ್ದಾಗ ದೂಡಿದರೆ ತಾನೇ ಫ್ಯಾನು ತಿರುಗುವುದು? ಎಡಗೈಯಿಂದ ಡಬ್ಬಿ ಹಿಡಿದುಕೊಂಡು, ಬಲಗೈಯ ಸ್ಕ್ರೂಡ್ರೈವರಿನಿಂದ ರೆಕ್ಕೆಯನ್ನು ದೂಡಿದ. ಸ್ಕ್ರೂಡ್ರೈವರ್ ಜಾರಿತು. ಬೆರಳು ಒಳಗೆ ಹೋದವು.

ಅವನು ಕೂಗಲಿಲ್ಲ. ಗಂಟಲಿನಿಂದ ಗೊರಗೊರ ಸದ್ದು ಮಾತ್ರ ಬಂತು. ಬಲಗೈ ಮುಷ್ಟಿಯಾಗಿ ಮುಚ್ಚಿಕೊಂಡಿತು; ಇಡೀ ಮೈ ಸಣ್ಣಗೆ ನಡುಗುತ್ತಿತ್ತು, ಕಣ್ಣು ತೆರೆದೇ ಇದ್ದವು. ಆರತಿಯ ಹೊತ್ತಿಗೆ ನನ್ನನ್ನು ನಗಿಸಲು ಅವನು ವಿಚಿತ್ರ ಮುಖ ಮಾಡುತ್ತಿದ್ದ. ಒಂದು ಕ್ಷಣ ಅದೇ ಎಂದುಕೊಂಡೆ. ಆಮೇಲೆ ಹೇಗೆ ಕಿರುಚಿದೆನೋ ಗೊತ್ತಿಲ್ಲ. ಅವ್ವ ಓಡಿ ಬಂದು ಅವನ ಭುಜಕ್ಕೆ ಕೈ ಚಾಚಿದಳು.

"ಮುಟ್ಟಬ್ಯಾಡಬೇ! ನಿನಗೂ ಹಿಡೀತೈತಿ!" ಶಾಲೆಯಲ್ಲಿ ಕಲಿತದ್ದು ಆಗ ಬಾಯಿಗೆ ಬಂತು. "ಸ್ವಿಚ್! ಸ್ವಿಚ್ ತಗೀ!"

ಸಪ್ಲೈಯ ವೈರು ಅವನ ಮಡಚಿದ ಕಾಲಿನಡಿ ಸಿಕ್ಕಿತ್ತು. ಸ್ವಿಚ್ಚು ಗಣಪತಿಯ ಹಿಂದಿತ್ತು. ಅವ್ವ ಆ ಕಡೆ ತಿರುಗಿದಳು. ಬಣ್ಣದ ದೀಪಗಳು ಹತ್ತಿ ಆರಿ ಹತ್ತಿ ಆರಿ ಮಾಡುತ್ತಿದ್ದವು. ಬೆಳಗಿನ ದಾಸವಾಳ ಗಣಪನ ಸೊಂಡಿಲ ಮೇಲಿತ್ತು. ಅವ್ವನ ಎರಡೂ ಕೈ ಎದೆಯ ಮಟ್ಟಕ್ಕೆ ಎದ್ದವು. ಮುಗಿಯಲು ಎದ್ದವೋ, ಹಿಡಿಯಲು ಎದ್ದವೋ ನನಗೆ ಇವತ್ತಿಗೂ ತಿಳಿದಿಲ್ಲ. ಆಮೇಲೆ ಅವಳು ಮಣೆಯ ಅಂಚಿಗೆ ಕೈ ಹಾಕಿ ಬಲವಾಗಿ ಎಳೆದಳು. ಮಂಟಪ ಮುರಿಯಿತು. ಗಣಪ ಮುಂದಕ್ಕೆ ಮಗುಚಿ ನೆಲಕ್ಕೆ ಬಿದ್ದ. ಅವ್ವ ಹಿಂದಕ್ಕೆ ಕೈ ತೂರಿಸಿ ಸ್ವಿಚ್ಚು ತೆಗೆದಳು, ದೀಪಗಳು ಆರಿದವು.

ಅಣ್ಣ ಹಿಂದಕ್ಕೆ ಉರುಳಿದ. ಉಸಿರಾಡುತ್ತಿದ್ದ. ಒಳಗೆ ಕರ್ಚಿಕಾಯಿ ಸೀಯುತ್ತಿದ್ದವು. ಆ ಕಮಟು ವಾಸನೆಯೊಳಗೆ ಇನ್ನೊಂದು ವಾಸನೆ ಸೇರಿತ್ತು. ಅದರ ಬಗ್ಗೆ ಬರೆಯಲಾರೆ. ನನ್ನ ಕಿರುಚಾಟ ಕೇಳಿ ಬಂದ ಪಕ್ಕದ ಮನೆಯ ಕಾಕು ಹೊಸ್ತಿಲಲ್ಲೇ ನಿಂತು, "ಅಗ ಬಾಈ, ಬಾಪ್ಪಾ!" ಎಂದು ಗಣಪನ ಹೆಸರು ಹಿಡಿದು ಕೂಗಿದರು. ಅವರ ಕಣ್ಣು ಮೊದಲು ನೆಲದ ಮಣ್ಣಿನ ಮೇಲೆ ಹೋಯಿತು, ಅಣ್ಣನ ಮೇಲೆ ಆಮೇಲೆ.

ಅದೇ ಸಂಜೆ ಅಪ್ಪ ಗಣಪನ ಚೂರುಗಳನ್ನು ಹಳೆಯ ಧೋತರದಲ್ಲಿ ಕಟ್ಟಿಕೊಂಡು ಒಬ್ಬನೇ ಊರಂಚಿನ ಖಾಡಿಯ ಹಿನ್ನೀರಿಗೆ ಹೋಗಿ ನೀರಿಗೆ ಬಿಟ್ಟು ಬಂದ. ಗಂಟೆಯಿಲ್ಲ, ಜಯಘೋಷವಿಲ್ಲ.

ಅಣ್ಣ ಬದುಕಿದ. ಬಲಗೈಯ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಒಳಗೇ ಸುಟ್ಟಿದ್ದವು. ಎರಡು ಸಲ ಕೊಯ್ದು ಹೊಲಿದರೂ ಮಡಚಲು ಬರಲಿಲ್ಲ. ಡ್ರೆಸಿಂಗ್ ಬದಲಿಸುವಾಗ ಡಾಕ್ಟರು, "ಥೋಡಾ ಜಲ್ದೀ ಛೂಟ್ ಜಾತಾ ತೋ ಉಂಗ್ಲಿಯಾಂ ಬಚ್ ಜಾತೀಂ" ಎಂದು ಸಹಜವಾಗಿ ಅಂದುಬಿಟ್ಟರು. ಇನ್ನಷ್ಟು ಬೇಗ ಬಿಡಿಸಿದ್ದರೆ ಬೆರಳು ಉಳಿಯುತ್ತಿದ್ದವು. ಅವ್ವ ಅಲ್ಲೇ ನಿಂತಿದ್ದಳು. ಮುಂದೆ ಬಿ.ಎಸ್ಸಿ.ಯಲ್ಲಿ ನಾನೂ ಅದನ್ನೇ ಓದಿದೆ: ಕರೆಂಟು ಮೈಯಲ್ಲಿ ಹರಿದಷ್ಟು ಹೊತ್ತೂ ಸುಡುತ್ತದೆ.

ಸ್ಟುಡಿಯೋಗೆ ಹೋಗುವ ದಿನ ಬಂದು ಹೋಯಿತು. ಗೆಳೆಯ ಬಂದು ಸ್ಟೇಷನ್ನಿನ ಚಿತ್ರವನ್ನು ಡಬ್ಬಿಯಿಂದ ತೆಗೆದು ಪೆನ್ ಡ್ರೈವಿಗೆ ಹಾಕಿಕೊಟ್ಟ. ಅಣ್ಣ ತೆಗೆದುಕೊಳ್ಳಲಿಲ್ಲ. ಕೈಯ ಗಾಯ ಮಾಯ್ದ ಮೇಲೆ ಅಪ್ಪ ಹೇಳಿದ ಸ್ಟೋರ್ಸಿಗೇ ಸೇರಿದ.

ವರ್ಷ ಕಳೆದ ಮೇಲೆ ಒಂದು ರವಿವಾರ ಊಟಕ್ಕೆ ಕೂತಾಗ, ಎಡಗೈಯಲ್ಲಿ ರೊಟ್ಟಿ ಮುರಿಯಲು ಹೆಣಗುತ್ತಿದ್ದ ಅವನಿಗೆ ಅವ್ವ ಮುರಿದುಕೊಡಲು ಹೋದಳು. ಅವನು ತಾಟು ಎಳೆದುಕೊಂಡ.

"ಅವತ್ತ ಗಣಪ್ಪನ ಮುಂದ ಯಾಕ ನಿಂತಿ?"

"ನಿಂತಿದ್ನೇನೋ?"

"ನಿಂತಿದ್ದಿ. ನಾ ನೋಡಾಕತ್ತಿದ್ದೆ."

ಇಬ್ಬರೂ ನನ್ನ ಕಡೆ ನೋಡಿದರು. ನಾನು ನೀರಿನ ತಂಬಿಗೆ ತರಲು ಎದ್ದೆ.

ಅಪ್ಪ ಈಗಿಲ್ಲ. ಅವ್ವ, ಅಣ್ಣ ಇಬ್ಬರೂ ಅದೇ ಎರಡು ಕೋಣೆಯಲ್ಲಿದ್ದಾರೆ. ಅಣ್ಣ ದಿನಾ ಠಾಣೆಯಲ್ಲಿ ಗಾಡಿ ಬದಲಿಸಿ ಮಹಾಪೆಗೆ ಹೋಗುತ್ತಾನೆ, ಎಡಗೈಯಲ್ಲಿ ವಕ್ರವಕ್ರವಾಗಿ ಸಹಿ ಮಾಡುತ್ತಾನೆ. ಮದುವೆಯ ಮಾತು ಎತ್ತಿದರೆ ಎದ್ದು ಹೋಗುತ್ತಾನೆ. ಅವ್ವ ಮತ್ತೆ ಗಣಪನನ್ನು ತರಲಿಲ್ಲ. ಒಬ್ಬರನ್ನೊಬ್ಬರು ಕೆಣಕಿ ನಗುತ್ತಿದ್ದ ಆ ತಾಯಿ ಮಗ ಎಲ್ಲಿ ಹೋದರೋ ಗೊತ್ತಿಲ್ಲ. ಈಗ ಅವರ ನಡುವೆ ಇರುವುದು ಹಾಲು ಬಂತೇ, ಔಷಧ ಮುಗಿಯಿತೇ ಎಂಬಷ್ಟೇ ಮಾತು. ನಾನು ಐರೋಲಿಯ ನನ್ನ ಮನೆಯಲ್ಲಿ ಅಡುಗೆ ಮಾಡುವಾಗಲೂ, ರೈಲಿನಲ್ಲಿ ನಿಂತಿರುವಾಗಲೂ ಅದನ್ನೇ ಮತ್ತೆ ಮತ್ತೆ ನೋಡುತ್ತೇನೆ. ಅವ್ವ ತಿರುಗುತ್ತಾಳೆ, ಕೈ ಏಳುತ್ತವೆ. ಅಲ್ಲಿಂದ ಮಣೆ ಎಳೆಯುವವರೆಗೆ ಒಮ್ಮೊಮ್ಮೆ ಒಂದು ಉಸಿರು, ಒಮ್ಮೊಮ್ಮೆ ಮುಗಿಯದಷ್ಟು ಹೊತ್ತು.

ಈ ಸಲದ ಚೌತಿಗೆ ಡೊಂಬಿವಲಿಗೆ ಹೋಗಿದ್ದೆ. ಕೆಳಗೆ ಬಿಲ್ಡಿಂಗಿನ ಮಂದಿ ಢೋಲು ಬಡಿಯುತ್ತಿದ್ದರು. ಅಣ್ಣ ಹೊರಗಿನ ಕೋಣೆಯಲ್ಲಿ ಟೀವಿ ಹಾಕಿಕೊಂಡು ಕೂತಿದ್ದ. ಅಡುಗೆಮನೆಯಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದಾಗ ಅವ್ವ ಹತ್ತಿರ ಬಂದು, ನನ್ನ ಮುಖ ನೋಡದೆ ಕೇಳಿದಳು.

"ಸವೀ, ಖರೇ ಹೇಳ. ನಾ ನಿಂತಿದ್ನೇನ?"

ಹೊರಗೆ ಟೀವಿಯ ದನಿ ಇಳಿಯಿತು.

"ಇಲ್ಲಬೇ," ಎಂದೆ.

ಅವ್ವ ತೊಳೆದ ತಾಟೊಂದನ್ನು ಎತ್ತಿ ಒರೆಸತೊಡಗಿದಳು. ಟೀವಿಯ ದನಿ ಮತ್ತೆ ಏರಿತು, ಮೊದಲಿಗಿಂತ ಜೋರಾಗಿ.