ಅಡುಗೆಮನೆಯ ಕನ್ನಡ

ಮದುವೆಯಾಗಿ ಕಾಪುವಿನ ಮನೆಗೆ ಬಂದ ಮೊದಲ ವಾರದಲ್ಲೇ ನನಗೊಂದು ವಿಷಯ ಗೊತ್ತಾಯಿತು. ನಾನು ಅಡುಗೆಮನೆಯ ಹೊಸ್ತಿಲು ದಾಟಿದ ಕೂಡಲೇ ಅಲ್ಲಿನ ನಗು ನಿಲ್ಲುತ್ತದೆ, ಕನ್ನಡ ಶುರುವಾಗುತ್ತದೆ.

ಅತ್ತೆ ಮತ್ತು ನಾದಿನಿ ಬಂಗುಡೆ ಮೀನು ತೊಳೆಯುತ್ತಾ ತುಳುವಿನಲ್ಲಿ ಬಿದ್ದು ಬಿದ್ದು ನಗುತ್ತಿರುತ್ತಿದ್ದರು. ನನ್ನ ಕಾಲಿನ ಸದ್ದು ಕೇಳಿದ್ದೇ ತಡ, ಇಬ್ಬರೂ ಮುಖ ಸರಿ ಮಾಡಿಕೊಂಡು, "ಬನ್ನಿ, ಕುಳಿತುಕೊಳ್ಳಿ. ಚಹಾ ಕುಡಿಯುತ್ತೀರಾ? ನಿಮಗೆ ಎಂತ ಬೇಕು ಹೇಳಿ" ಎನ್ನುತ್ತಿದ್ದರು. ಒಂದು ಅಕ್ಷರವನ್ನೂ ನುಂಗದ, ಪಾಠಪುಸ್ತಕದಂಥ ಕನ್ನಡ. ನಾನು ತುಮಕೂರಿನವಳು. ನಮ್ಮ ಮನೆಯಲ್ಲಿ ಅಷ್ಟು ಶುದ್ಧವಾಗಿ ಮಾತಾಡುವುದು ಬ್ಯಾಂಕಿನ ಮ್ಯಾನೇಜರ್ ಬಂದಾಗ ಮಾತ್ರ. ಸೊಸೆಯಾದವಳು ಎಷ್ಟು ದಿನ ಅಂತ ಬ್ಯಾಂಕಿನ ಮ್ಯಾನೇಜರ್ ಆಗಿ ಬದುಕುವುದು?

ತಮಾಷೆಯೆಂದರೆ ನನ್ನ ಕೆಲಸವೇ ಭಾಷೆ ಕಲಿಸುವುದು. ಮಣಿಪಾಲದ ಕಾಲೇಜೊಂದರಲ್ಲಿ, ಹೊರ ರಾಜ್ಯ ಹೊರ ದೇಶಗಳಿಂದ ವೈದ್ಯರಾಗಲು ಬಂದ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ, ರೋಗಿಯ ಹತ್ತಿರ ಕುಳಿತು "ಎಲ್ಲಿ ನೋವು?" ಎಂದು ಕೇಳಿ ಉತ್ತರ ತಿಳಿದುಕೊಳ್ಳುವಷ್ಟು. "ತಪ್ಪಾದರೂ ಪರವಾಗಿಲ್ಲ, ಮೊದಲು ಬಾಯಿ ಬಿಡಿ" ಎಂದು ದಿನಾ ಅವರ ಬೆನ್ನು ತಟ್ಟುವವಳು ನಾನು. ಸಂಜೆ ಬಸ್ಸಿಳಿದು ಮನೆಗೆ ಬಂದರೆ ನಾನೇ ಬಾಯಿಲ್ಲದವಳು.

ಹಾಗಾಗಿ ಹಟ ಹಿಡಿದೆ. ಬೆಳ್ಮಣ್ಣಿನಿಂದ ಬರುವ ಸಹೋದ್ಯೋಗಿಯೊಬ್ಬಳನ್ನು ಗುರು ಮಾಡಿಕೊಂಡೆ. ಊಟದ ಹೊತ್ತಿಗೆ ಅವಳ ಜತೆ ತುಳು, ಬಸ್ಸಿನಲ್ಲಿ ಕಂಡಕ್ಟರನ ಜತೆ ತುಳು. ಅವನಿಗಂತೂ ನಾನು ಹತ್ತಿದರೆ ಪುಕ್ಕಟೆ ಮನರಂಜನೆ. ಕೆಲವು ತಿಂಗಳಾದ ಮೇಲೆ ಧೈರ್ಯ ಮಾಡಿ ಅತ್ತೆಯನ್ನು "ವಣಸ್ ಆಂಡಾ?" ಎಂದು ಕೇಳಿದೆ, ಊಟ ಆಯಿತಾ ಎಂದು. ಅತ್ತೆಯ ಮುಖ ಅರಳಿತು. "ಆಯಿತು. ನಿಮ್ಮದು ಆಯಿತಾ?" ಎಂದರು, ಅದೇ ಕನ್ನಡದಲ್ಲಿ.

ಮೈಯೆಲ್ಲ ಉರಿದುಹೋಯಿತು. ನಾನು ತುಳುವಿನಲ್ಲಿ ಕೇಳುವುದು, ಅವರು ಕನ್ನಡದಲ್ಲಿ ಉತ್ತರಿಸುವುದು, ಹೀಗೇ ಒಂದು ಮಳೆಗಾಲ ಕಳೆಯಿತು. ಗಂಡನಿಗೆ ದೂರು ಹೇಳಿದರೆ, "ನಿನಗೆ ಮರ್ಯಾದೆ ಕೊಡುವುದು ಮಾರಾಯ್ತಿ" ಎಂದು ನಕ್ಕುಬಿಟ್ಟರು. ನನಗೆ ಬೇಕಾಗಿದ್ದದ್ದು ಮರ್ಯಾದೆಯಲ್ಲ. ನಾದಿನಿಗೆ ಸಿಗುವ ನಗು, ಅವಳಿಗೆ ಬೀಳುವ ಬೈಗುಳ, ಎರಡೂ ನನಗೂ ಬೇಕಿತ್ತು. ಆ ಮನೆಯಲ್ಲಿ ಕೊನೆಯವರೆಗೂ ಅತಿಥಿಯಾಗಿಯೇ ಉಳಿದುಬಿಡುತ್ತೇನೇನೋ ಎಂದು ನಿಜಕ್ಕೂ ಹೆದರಿದ್ದೆ.

ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಸುಲಭವೇ? ಅವರು ಮಾತಾಡುವುದನ್ನು ನೋಡುತ್ತಾ ನಿಂತರೆ ನನ್ನ ಸಿಟ್ಟು ಮರೆತೇ ಹೋಗುತ್ತಿತ್ತು. ಮಾವನ ದೋಣಿಯ ಮೀನು ಕೊಳ್ಳಲು ಬರುವ ವ್ಯಾಪಾರಿಯ ಜತೆ ಬ್ಯಾರಿ, ದಿನಸಿ ಅಂಗಡಿಯಲ್ಲಿ ಕೊಂಕಣಿ, ದೋಣಿಯ ಕೆಲಸಕ್ಕೆ ಬಂದ ಕೇರಳದವರ ಜತೆ ಮಲಯಾಳ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಉಸಿರೆಳೆದುಕೊಳ್ಳಲೂ ನಿಲ್ಲುತ್ತಿರಲಿಲ್ಲ. ಪ್ರತಿಯೊಂದು ಭಾಷೆಯಲ್ಲೂ ಅವರಿಗೆ ಬೇರೆಯದೇ ಒಂದು ನಗು ಇತ್ತು. ನನ್ನ ಪಾಲಿಗೆ ಮಾತ್ರ ಇಸ್ತ್ರಿ ಹಾಕಿದ ಕನ್ನಡ.

ಒಂದು ಭಾನುವಾರ ಹಿತ್ತಲಿನಲ್ಲಿ ಅವರು ತೆಂಗಿನಕಾಯಿ ಸುಲಿಯುತ್ತಿದ್ದಾಗ ಕೇಳಿಯೇಬಿಟ್ಟೆ. "ಅತ್ತೆ, ನನ್ನ ಜತೆ ಯಾಕೆ ತುಳು ಮಾತಾಡೋದಿಲ್ಲ?"

ಅವರು ಕೈ ನಿಲ್ಲಿಸಿದರು.

"ಮದುವೆಯಾದ ಹೊಸತರಲ್ಲಿ ನಾನು ನಿಮ್ಮ ಮಾವನ ಜೊತೆ ಮುಂಬಯಿಗೆ ಹೋದದ್ದು. ಚಾಳಿನ ನೀರಿನ ನಳ್ಳಿಯ ಹತ್ತಿರ ಹೆಂಗಸರು ಮರಾಠಿಯಲ್ಲಿ ಮಾತಾಡಿ ನಗುತ್ತಿದ್ದರು. ನನಗೆ ಒಂದು ಶಬ್ದ ಅರ್ಥ ಆಗುತ್ತಿರಲಿಲ್ಲ. ಅವರು ನಗುವುದೆಲ್ಲ ನನ್ನನ್ನು ನೋಡಿಯೇ ಅಂತ ಕಾಣುತ್ತಿತ್ತು. ಕೋಣೆಗೆ ಬಂದು ಅಳುವುದು. ನನ್ನ ಮನೆಗೆ ಬರುವ ಹುಡುಗಿಗೆ ಹಾಗೆ ಆಗಬಾರದು ಅಂತ ಇತ್ತು ನನಗೆ. ನೀವು ಇರುವಾಗ ತುಳು ಮಾತಾಡಬಾರದು ಅಂತ ಮಗಳಿಗೂ ಹೇಳಿದ್ದು ನಾನೇ."

ನನ್ನನ್ನು ಹೊರಗಿಟ್ಟು ಬಾಗಿಲು ಹಾಕಿದ್ದಾರೆ ಅಂದುಕೊಂಡಿದ್ದೆ. ನನ್ನೊಬ್ಬಳಿಗಾಗಿ ಇಡೀ ಮನೆ ತನ್ನ ಮಾತನ್ನೇ ಬದಿಗಿಟ್ಟಿತ್ತು. ಆ ಕ್ಷಣದಲ್ಲಿ ಅತ್ತೆಯ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಸಿಪ್ಪೆ ಮೆತ್ತಿದ ಅವರ ಕೈಯನ್ನು ಹಾಗೇ ಹಿಡಿದುಕೊಂಡೆ.

"ಮತ್ತೆ ಮರಾಠಿ ಕಲಿತಿರಾ? ಹೇಗೆ?" ಎಂದೆ.

"ಜಗಳದಲ್ಲಿ!" ಅತ್ತೆ ನಕ್ಕರು. "ಒಬ್ಬಳು ನನ್ನ ಕೊಡ ಬದಿಗೆ ತಳ್ಳಿ ಬೈದಳು. ನನಗೂ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದ ಮರಾಠಿಯಲ್ಲಿ ತಿರುಗಿ ಬೈದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ದಿನದಿಂದ ನಾನು ಅವರ ಪೈಕಿ."

"ಹಾಗಾದರೆ ನನಗೂ ಬೈಯಿರಿ."

"ಸುಮ್ಮನೆ ಬೈಯಲಿಕ್ಕೆ ಆಗುತ್ತದಾ? ನೀವು ಎಂತಾದರೂ ಮಾಡಬೇಕಲ್ವಾ?"

ಆ ಉಪಕಾರವನ್ನು ಪಕ್ಕದ ಮನೆಯ ಬೆಕ್ಕು ಮಾಡಿತು. ಮುಂದಿನ ವಾರ ಮಾವ ಒಳ್ಳೆಯದೊಂದು ಅಂಜಲ್ ಮೀನು ತಂದಿದ್ದರು. ಅತ್ತೆ ಅದನ್ನು ತುಂಡು ಮಾಡಿ ಹಿತ್ತಲಿನ ಕಟ್ಟೆಯ ಮೇಲಿಟ್ಟು, "ಸ್ವಲ್ಪ ನೋಡಿಕೊಳ್ಳಿ" ಎಂದು ಬಾವಿಯ ಕಡೆ ಹೋದರು. ಅಷ್ಟರಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಧ್ವನಿ ಸಂದೇಶ ಬಂತು. ದೆಹಲಿಯ ಹುಡುಗಿ, ವಾರ್ಡಿನಲ್ಲಿ ಕಾರ್ಕಳದ ಅಜ್ಜಿಯೊಬ್ಬರ ಜತೆ ಮೊದಲ ಸಲ ಬರೀ ಕನ್ನಡದಲ್ಲೇ ಮಾತು ಮುಗಿಸಿದ್ದಳಂತೆ. ಕನ್ನಡದಲ್ಲೇ ಕುಣಿದಾಡುತ್ತಿದ್ದಳು. ನಾನು ಹಿಗ್ಗಿ ಹೀರೆಕಾಯಿಯಾಗಿ ಅದನ್ನು ಎರಡನೆಯ ಸಲ ಕೇಳುತ್ತಿದ್ದಾಗ, ಬೆಕ್ಕು ಮೀನಿನ ತಲೆಯನ್ನೇ ಕಚ್ಚಿಕೊಂಡು ಗೋಡೆ ಹಾರಿತು.

"ಪುಚ್ಚೆ! ಪುಚ್ಚೆ!" ಬಾವಿಯ ಬಳಿಯಿಂದ ಅತ್ತೆ ಕೂಗಿದರು. ಕೊಡ ಅಲ್ಲೇ ಬಿಟ್ಟು ಓಡಿಬಂದರು. "ನಿನ್ನ ಕಣ್ಣ್ ಓಲು ಉಂಡು?"

ನಿನ್ನ ಕಣ್ಣು ಎಲ್ಲಿದೆ ಎಂದು. ನಿಮ್ಮ ಅಲ್ಲ, ನಿನ್ನ. ಆಮೇಲೆ ಬಂದದ್ದು ಬೆಳ್ಮಣ್ಣಿನ ಗೆಳತಿ ಕಲಿಸದೇ ಬಿಟ್ಟ ತುಳು. ಅರ್ಧ ಅರ್ಥವಾಗಲಿಲ್ಲ, ಫೋನಿನ ಬಗ್ಗೆ ಎನ್ನುವುದು ಮಾತ್ರ ಚೆನ್ನಾಗಿ ತಿಳಿಯಿತು. ಒಳಗಿನಿಂದ ನಾದಿನಿ ಜೋರಾಗಿ ನಗುತ್ತಿದ್ದಳು. ನಾನು ಉಳಿದ ಮೀನಿನ ತಟ್ಟೆ ಹಿಡಿದು ಅಡುಗೆಮನೆಯ ಹೊಸ್ತಿಲು ದಾಟಿದೆ. ಅವಳು ನಗುತ್ತಲೇ ಇದ್ದಳು.

ಸಂಜೆ ತುಮಕೂರಿನಿಂದ ಅಮ್ಮನ ಫೋನ್ ಬಂತು. "ಅತ್ತೆ ಚೆನ್ನಾಗಿದಾರಾ?" ಎಂದು ಎಂದಿನಂತೆ ಕೇಳಿದಳು.

"ಇವತ್ತು ಸರಿಯಾಗಿ ಬೈದ್ರಮ್ಮ" ಎಂದೆ. ಹೇಳುತ್ತಾ ಮೂಗು ಸುರ್ ಎಂದು ಎಳೆದುಕೊಂಡೆ.

"ಅಯ್ಯೋ ನನ್ ಕಂದ, ಅಳ್ಬೇಡ. ಏನಂತ ಬೈದ್ರು?"

"ತುಳುನಲ್ಲಿ ಬೈದ್ರಮ್ಮ" ಎಂದೆ.