ಕ್ಯಾಮೆರಾ ಮುಂದೆ ಎದ್ದುನಿಂತವರು

ಇವತ್ತು ಬೆಳಿಗ್ಗೆ ಬೂಟ್ ಪಾಲಿಶಿನ ಡಬ್ಬಿ ತೆರೆದೆ. ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ಪಕ್ಕದ ಮನೆಯ ಮಿಲ್ಟ್ರಿ ಮಾವ ನೆನಪಾಗಿ ಸಿಟ್ಟೇ ಬಂತು. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆಗೆ ಬೂಟು ಯಾಕೆ ಹೇಳಿ? "ಕಾಲು ನೆಟ್ಟಗಿದ್ರೆ ತಲೆ ನೆಟ್ಟಗಿರ್ತದೆ ಕಣ್ಲಾ" ಅನ್ನುತ್ತಿದ್ದರು. ನನಗೂ ಅದೇ ಚಟ ಹತ್ತಿಸಿಬಿಟ್ಟರು, ಪುಣ್ಯಾತ್ಮರು.

ಅವರು ಸೇನೆಯ ಸಿಗ್ನಲ್ ವಿಭಾಗದಲ್ಲಿದ್ದವರು. ಗಡಿಯಲ್ಲಿ ತಂತಿ ಎಳೆಯುತ್ತಾ, ರೇಡಿಯೋ ರಿಪೇರಿ ಮಾಡುತ್ತಾ, ಬಿಡುವಾದಾಗ ಓದಿ ನೆಟ್‌ವರ್ಕಿಂಗ್ ಸರ್ಟಿಫಿಕೇಟುಗಳನ್ನು ಗಿಟ್ಟಿಸಿಕೊಂಡಿದ್ದರು. ನಿವೃತ್ತರಾಗಿ ಬಾಬುರಾಯನಕೊಪ್ಪಲಿಗೆ ಬಂದಾಗ ಮೈಸೂರಿನ ಕಂಪನಿಯೊಂದು ಒಳ್ಳೆಯ ಕೆಲಸ ಕೊಡಲು ಒಪ್ಪಿತ್ತು. ಒಂದೇ ಷರತ್ತು, ಆ ತಿಂಗಳೊಳಗೆ ಸೈಬರ್ ಭದ್ರತೆಯ ಸರ್ಟಿಫಿಕೇಟೂ ಬೇಕು.

ಪರೀಕ್ಷೆ ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳುವಂತಿಲ್ಲ, ಎದ್ದರೆ ರದ್ದು. ಎಲ್ಲಿಂದಲೋ ಒಬ್ಬರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಅವರ ಹೆಂಡತಿ, ಮಗಳು ಊರಲ್ಲಿರಲಿಲ್ಲ. ಡಿಪ್ಲೊಮಾ ಮುಗಿಸಿ ಸುಮ್ಮನಿದ್ದ ನಾನು ಅವರ ಜಗಲಿಯಲ್ಲಿ ಕಾವಲು ಕೂತೆ. ಹಾಲಿನವನನ್ನೂ ಸೊಪ್ಪಿನವಳನ್ನೂ ಗದರಿಸಿ ಕಳಿಸಿದೆ. ಅಷ್ಟರಲ್ಲಿ ನಾಗಮಂಗಲದಿಂದ ಅವರ ದೊಡ್ಡಮ್ಮ, ಮೊಮ್ಮಗಳ ಮದುವೆಗೆ ಕರೆಯಲು ಕುಂಕುಮದ ತಟ್ಟೆ ಹಿಡಿದು ಬಂದರು!

"ಆಮೇಕೆ ಬನ್ನಿ" ಅಂದೆ.

"ಅಗಲೊತ್ನಲ್ಲೇ ಬಾಗ್ಲು ಆಕ್ಕಂಡವ್ನಲ್ಲ, ನಮ್ ಕರ್ಯೋಲೆ ಬ್ಯಾಡ್ವಂತಾ?"

ಬಾಗಿಲು ತೆರೆಯಿತು. ಮಿಲ್ಟ್ರಿ ಮಾವ ಫಳಫಳ ಬೂಟಿನಲ್ಲಿ ನೆಟ್ಟಗೆ ನಿಂತು, ಎರಡೂ ಕೈಯೊಡ್ಡಿ ಕರೆಯೋಲೆ ತೆಗೆದುಕೊಂಡರು. ಒಳಗೆ ಪರೀಕ್ಷೆ ರದ್ದಾಗಿತ್ತು.

ನಾನು ತಲೆ ಚಚ್ಚಿಕೊಂಡೆ. "ಇನ್ನೊಸಿ ಒತ್ತು ಕೂತಿರಕ್ಕಾಗ್ಲಿಲ್ವಾ ಮಾವ?"

"ಕುಂಕುಮ ತಂದೋರ್ನ ಆಚೆ ನಿಲ್ಸಕ್ಕಾಯ್ತದಾ? ಪರೀಕ್ಷೆ ಮತ್ತೆ ಬರ್ತದೆ ಬುಡ್ಲಾ."

ಬಂತು, ಪಾಸೂ ಆದರು. ಆದರೆ ಕೆಲಸ ಬೇರೆಯವರ ಪಾಲಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದಕ್ಕಿಂತ ಸಣ್ಣ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿದರು, ಸಂಜೆ ನನ್ನನ್ನು ಕೂರಿಸಿಕೊಂಡು ಕಲಿಸಿದರು. ಅದರಿಂದಲೇ ನನಗೂ ಒಂದು ಕೆಲಸ ಸಿಕ್ಕಿತು. ಹೋದ ವರ್ಷ ಎದೆನೋವು ಅಂದವರು ಆಸ್ಪತ್ರೆಯಿಂದ ವಾಪಸ್ಸು ಬರಲೇ ಇಲ್ಲ...

ಇವತ್ತು ಅದೇ ಪರೀಕ್ಷೆ ನನ್ನದು. ನನ್ನ ಬಡ್ತಿ ನಿಂತಿರುವುದೇ ಇದರ ಮೇಲೆ. ಬೂಟು ತೊಟ್ಟು, ಬಾಗಿಲು ಹಾಕಿ ಕೂತು ಅರ್ಧ ಮುಗಿಸಿದ್ದೆ. ಹೊರಗೆ ಮಿಲ್ಟ್ರಿ ಮಾವನ ಹೆಂಡತಿಯ ದನಿ ಕೇಳಿಸಿತು. ಮಾವ ಹೋದಮೇಲೆ ಪಾಂಡವಪುರದ ತವರಿಗೆ ಹೋಗಿದ್ದರು.

"ಮಗಳ ಮದ್ವೆ ಕಣಪ್ಪ. ನಾನು ಕರ್ಯಕ್ಕೆ ಬರ್ಬಾರ್ದಂತೆ. ಆದ್ರೂ ನಿನ್ನ ಕರೀದೆ ಇರಕ್ಕಾಯ್ತದಾ..."

ಎದ್ದುಬಿಟ್ಟೆ. ಬಾಗಿಲು ತೆರೆದರೆ ಕೈಯಲ್ಲಿ ಕುಂಕುಮದ ತಟ್ಟೆ ಇಲ್ಲ, ಬರೀ ಕರೆಯೋಲೆ. ಎರಡೂ ಕೈಯೊಡ್ಡಿ ತೆಗೆದುಕೊಂಡೆ. ಪರೀಕ್ಷೆ ರದ್ದಾಯಿತು. ಬೈಯೋಣವೆಂದರೆ ಮಿಲ್ಟ್ರಿ ಮಾವ ಇಲ್ಲ.